ಹಳೆ ಕಂಪ್ಯೂಟರಿನೊಳಗೆ ಅತ್ತೆಯ ಹಸೆ

ಸೊರಬದ ನಮ್ಮ ಮನೆಯ ನಡುಮನೆಯಲ್ಲಿ, ನನ್ನ ಹಳೆಯ ಇಳಕಲ್ ಸೀರೆಯ ಸೆರಗಿನಿಂದ ಹೊಲಿದ ಮುಸುಕು ಹೊದ್ದು ಒಂದು ಕಂಪ್ಯೂಟರು ಕುಳಿತಿದೆ. ಬಿಳುಪು ಮಾಸಿ ಹಳದಿಗೆ ತಿರುಗಿದ, ಬೆನ್ನು ಕುಂಬಳಕಾಯಿಯಂತೆ ಉಬ್ಬಿದ ಮುದಿಯಂತ್ರ. ಬಂದವರೆಲ್ಲ ಅದನ್ನು ಕಂಡು ನಗುತ್ತಾರೆ. ನೀವೂ ಬೇಕಾದರೆ ನಕ್ಕುಬಿಡಿ, ಆಮೇಲೆ ನನ್ನ ಮಾತು ಕೇಳಿ.

ಇದರೊಳಗೆ ನನ್ನ ಅತ್ತೆಯ ಹಸೆ ಚಿತ್ತಾರವಿದೆ. ಮದುವೆಮನೆಯ ಗೋಡೆಗೆ ಕೆಮ್ಮಣ್ಣು ಬಳಿದು, ಪುಂಡಿನಾರಿನ ಕುಂಚವನ್ನು ಅಕ್ಕಿಹಿಟ್ಟಿನಲ್ಲಿ ಅದ್ದಿ ಎಳೆಯುವ ಆ ಚಿತ್ತಾರದ ಮುಂದೆಯೇ ನಮ್ಮಲ್ಲಿ ವಧೂವರರನ್ನು ಕೂರಿಸುವುದು. ನಾದಿನಿಯ ಮದುವೆಯಲ್ಲಿ ಅತ್ತೆ ಗೋಡೆಯ ಮೇಲೆ ಒಂದೊಂದು ಎಳೆ ಎಳೆಯುತ್ತಿದ್ದಂತೆ, ಆಗಷ್ಟೇ ಮನೆಗೆ ಬಂದಿದ್ದ ಈ ಯಂತ್ರದ ಮುಂದೆ ಕುಳಿತು ನಾನೂ ಅದೇ ಎಳೆಯನ್ನು ಚಿತ್ರ ಬರೆಯುವ ತಂತ್ರಾಂಶವೊಂದರಲ್ಲಿ ಎಳೆಯುತ್ತಿದ್ದೆ. ಸೊಸೆಯ ಹುಚ್ಚಾಟವೆಂದು ನೆಂಟರು ಮುಸಿಮುಸಿ ನಕ್ಕಿದ್ದರು.

ಈ ವರ್ಷ ಮಗಳು ಕಾವ್ಯಳ ಮದುವೆ ಗೊತ್ತಾಯಿತು. ಅತ್ತೆಯ ಕೈ ಈಗ ನಡುಗುತ್ತದೆ. ಯಾವ ಎಳೆಯಾದ ಮೇಲೆ ಯಾವುದು, ಹೇಳಿಕೊಡಿ ಎಂದರೆ, "ಕೈಗೆ ಗೊತ್ತಿತ್ತು ಕಣೆ, ಬಾಯಿಗೆ ಗೊತ್ತಿಲ್ಲ" ಎಂದರು. ಕಂಪ್ಯೂಟರಿನಲ್ಲಿರುವುದನ್ನೇ ಫ್ಲೆಕ್ಸ್ ಮಾಡಿಸಿ ಗೋಡೆಗೆ ಹಚ್ಚೋಣ ಎಂದಳು ಕಾವ್ಯ. ಆದರೆ ಆ ತಂತ್ರಾಂಶವೋ, ತೆರೆದಾಗಲೆಲ್ಲ ತನ್ನ ಸಿ.ಡಿ. ಕೇಳುವ ಹಟಮಾರಿ, ಆ ಸಿ.ಡಿ.ಗೆ ಅತ್ತೆ ಆಯುಧಪೂಜೆಯ ದಿನ ಪರಮಭಕ್ತಿಯಿಂದ ಎರಡೂ ಕಡೆ ಅರಿಶಿನ ಕುಂಕುಮ ಹಚ್ಚಿ ಒರೆಸಿಟ್ಟು, ಅದು ಮತ್ತೆಂದೂ ತಿರುಗದಂತೆ ಮಾಡಿದ್ದರು. ತಯಾರಿಸಿದವರು ಅದನ್ನು ನಿಲ್ಲಿಸಿ ಎಷ್ಟೋ ಕಾಲವಾಗಿತ್ತು. ಹೊಸ ಕಂಪ್ಯೂಟರುಗಳಿಗೆ ನಮ್ಮ ಕಡತದ ಗುರುತೇ ಹತ್ತಲಿಲ್ಲ.

ಶಿರಾಳಕೊಪ್ಪದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಸಾದಿಕ್ ಸಾಬರು, "ಇದನ್ನ ಗುಜರಿಗೆ ಹಾಕ್ರೀ ಅಕ್ಕಾರೆ, ಇದಕ್ಕೆ ಈಗ ಯಾವ್ದೂ ಸಿಗಂಗಿಲ್ಲ" ಎಂದರು. ನನಗೆ ರೋಷ ಬಂತು. ಕನ್ನಡ ಬರೆಯುವ ತಂತ್ರಾಂಶ ನಿಂತುಹೋದಾಗ ಇದಕ್ಕೆ ಬದಲಿ ಹುಡುಕಿದವಳು ನಾನು, ಹಾಡು ಕೇಳಿಸುವುದು ಕೆಟ್ಟಾಗಲೂ ನಾನೇ. ಮಧ್ಯಾಹ್ನದ ಊಟವಾದ ಮೇಲೆ ಮೊಬೈಲ್ ಹಿಡಿದು, ಹಳೆಯ ಯಂತ್ರಗಳ ಮೇಲೆ ಪ್ರಾಣ ಇಟ್ಟುಕೊಂಡವರ ತಾಣಗಳನ್ನೆಲ್ಲ ಜಾಲಾಡಿದೆ. ಒಂದು ತಂತ್ರಾಂಶ ಇಂಥ ಕಡತವನ್ನೇನೋ ತೆರೆಯುತ್ತದಂತೆ, ಆದರೆ ನಮ್ಮ ಯಂತ್ರದಲ್ಲಿ ಏಳುತ್ತಿರಲಿಲ್ಲ. ಇನ್ನೊಂದು ಎದ್ದು ಕೂರುತ್ತಿತ್ತು, ಕಡತ ಕಂಡರೆ ಮುಖ ತಿರುಗಿಸುತ್ತಿತ್ತು. ಕೊನೆಗೆ ಯಾರೋ ಪುಣ್ಯಾತ್ಮರು ಪುಕ್ಕಟೆ ಹಂಚಿದ ಪುಟಾಣಿ ತಂತ್ರಾಂಶವೊಂದು ಸಿಕ್ಕಿತು. ಗುಜರಿಗೆ ಹಾಕಿ ಎಂದಿದ್ದ ಸಾಬರೇ ಅದನ್ನು ಸಿ.ಡಿ.ಗೆ ಇಳಿಸಿಕೊಟ್ಟು, "ಹಟ ಅಂದ್ರೆ ನಿಮ್ದು ಬಿಡ್ರೀ" ಎಂದು ಚಹಾ ತರಿಸಿದರು.

ಮನೆಗೆ ಬಂದು ಹಾಕಿದೆ. ಹೊಸ ಯಂತ್ರವಾಗಿದ್ದರೆ ಚಿತ್ರ ಒಮ್ಮೆಗೇ ಬಂದು ನಿಲ್ಲುತ್ತಿತ್ತು. ನಮ್ಮ ಮುದುಕನಿಗೆ ಅಷ್ಟು ಕಸುವೆಲ್ಲಿ? ಅದು ಒಂದೊಂದೇ ಎಳೆಯಾಗಿ, ಅಂದು ನಾನು ಎಳೆದ ಕ್ರಮದಲ್ಲೇ, ಎಂದರೆ ಅತ್ತೆ ಎಳೆದ ಕ್ರಮದಲ್ಲೇ, ಹಸೆಯನ್ನು ಬರೆಯತೊಡಗಿತು. ಮೊದಲು ಹೊರಚೌಕಟ್ಟು, ಆಮೇಲೆ ಮೂಲೆಗಳು, ಅಲ್ಲಿಂದ ನಡುವಿಗೆ. ನನಗೆ ಅಳುವೇ ಬಂತು. ಮುಚ್ಚಿದೆ, ಮತ್ತೆ ತೆರೆದೆ, ಮತ್ತೆ ಮುಚ್ಚಿದೆ; ಆ ವರಸೆ ನನ್ನ ಬೆರಳಿಗೆ ಇಳಿಯುವವರೆಗೂ ಅದನ್ನು ಬರೆಸುತ್ತಲೇ ಹೋದೆ.

ಫ್ಲೆಕ್ಸ್ ಬೇಡವೆಂದೆ. ಗೋಡೆಗೆ ಕೆಮ್ಮಣ್ಣು ಬಳಿದು, ನಾರಿನ ಕುಂಚ ಹಿಡಿದು ನಾನೇ ನಿಂತೆ. ಅಲ್ಲಲ್ಲಿ ಎಳೆ ಸೊಟ್ಟಗಾಯಿತು, ಆಗಲಿ. ಅತ್ತೆ ಗೋಡೆಯನ್ನು ಮೂಲೆಯಿಂದ ಮೂಲೆಗೆ ನೋಡಿ, ನನ್ನ ಹಿಟ್ಟು ಮೆತ್ತಿದ ಬೆರಳುಗಳನ್ನು ತಮ್ಮ ನಡುಗುವ ಕೈಯಲ್ಲಿ ಹಿಡಿದುಕೊಂಡರು. "ನನ್ ಕೈ ನಿಂಗ್ ಬಂತಲ್ಲೇ" ಎಂದರು.

ಮದುವೆಯ ದಿನ ಕಂಪ್ಯೂಟರಿನ ಮುಸುಕು ತೆಗೆದು, ಅದನ್ನೂ ಹಸೆಯ ಪಕ್ಕದಲ್ಲೇ ಎಲ್ಲರಿಗೂ ಕಾಣುವಂತೆ ಇಟ್ಟೆ. ನೆಂಟರು ನಕ್ಕರು, ನಾನೂ ನಕ್ಕೆ. ಅಷ್ಟರಲ್ಲಿ ಅತ್ತೆ ಅದಕ್ಕೆ ಕುಂಕುಮವಿಡಲು ಬಟ್ಟಲು ಹಿಡಿದು ಬಂದರು. ಸಾಬರು ಕೊಟ್ಟ ಹೊಸ ಸಿ.ಡಿ.ಯನ್ನು ಸೀರೆಯ ಮುಸುಕಿನಲ್ಲಿ ಸುತ್ತಿ ಕಂಕುಳಲ್ಲಿ ಭದ್ರವಾಗಿ ಅವುಚಿಕೊಂಡು, ಅವರಿಗೆ ದಾರಿ ಬಿಟ್ಟೆ.