ಹೆಸರಿನ ಮುಂದಿನ ಒಂದಕ್ಷರ

ನಮ್ಮ ಮೇಡಂ ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಬೋರ್ಡಿನ ಮೇಲೆ ಎಲೆಯ ನರಗಳನ್ನು ಬಿಡಿಸುವಾಗ ಆ ಸೀಳಿನೊಳಗೆ ಸೀಮೆಸುಣ್ಣದ ಪುಡಿ ತುಂಬಿಕೊಳ್ಳುತ್ತಿತ್ತು. ಪಾಠದ ನಡುವೆಯೇ ಅದನ್ನು ಊದಿ ತೆಗೆಯುತ್ತಿದ್ದರು. ಚಿಕ್ಕಂದಿನಲ್ಲಿ ಕಾಡುಗೆಣಸು ಅಗೆಯುವಾಗ ಕಲ್ಲಿಗೆ ಸಿಕ್ಕಿ ಸೀಳಿದ ಉಗುರು, ಮತ್ತೆ ಒಂದುಗೂಡಲೇ ಇಲ್ಲವಂತೆ.

ಅವರು ಹುಣಸೂರಿನ ಕಾಲೇಜಿನಲ್ಲಿ ನಮಗೆ ಸಸ್ಯಶಾಸ್ತ್ರ ಕಲಿಸುತ್ತಿದ್ದರು. ಹುಟ್ಟಿದ್ದು ಹೆಗ್ಗಡದೇವನಕೋಟೆ ಕಡೆಯ ಕಾಡಂಚಿನ ಒಂದು ಬುಡಕಟ್ಟು ಹಾಡಿಯಲ್ಲಿ. ಆ ಹಾಡಿಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಅವರೇ ಮೊದಲಿಗರು. ತಮ್ಮ ಜನ ತಿನ್ನುವ ಕಾಡುಗೆಣಸುಗಳ ಮೇಲೆಯೇ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದಿದ್ದರು. ಆ ಸುದ್ದಿ ಹೇಳಿದಾಗ ಅವರ ತಾಯಿ, "ಡಾಕ್ಟ್ರಾದ್ರೆ ಯಾರ್ಗವ್ವ ಔಸ್ದಿ ಕೊಡ್ತೀಯ?" ಎಂದು ಕೇಳಿದ್ದರಂತೆ. "ಗೆಣಸಿಗೆ ಕಣವ್ವ" ಎಂದು ಇವರು ಹೇಳಿದ್ದರಂತೆ. ಆ ತಾಯಿಯನ್ನು ನಾನು ನೋಡಲಿಲ್ಲ. ನಾನು ಕಾಲೇಜು ಸೇರುವ ಹೊತ್ತಿಗೆ ಅವರು ತೀರಿಕೊಂಡಿದ್ದರು. ಹಾಡಿಯಲ್ಲಿ ಮೇಡಂ ಅವರಿಗೆ ಉಳಿದಿದ್ದುದು ಚಿಕ್ಕಮ್ಮನ ಮನೆಯೊಂದೇ.

ನಾನು ಪಿರಿಯಾಪಟ್ಟಣದ ಕಡೆಯವಳು. ಮನೆಯಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದೆವು. ಅಪ್ಪನಿಂದ ಹಿಡಿದು ಬಸ್ ಕಂಡಕ್ಟರ್‌ವರೆಗೆ ಎಲ್ಲರೂ ನನ್ನನ್ನು ಕರೆಯುತ್ತಿದ್ದುದು 'ಲೇ' ಎಂದೋ 'ಏ ಹುಡ್ಗಿ' ಎಂದೋ. ಅದರಲ್ಲಿ ತಪ್ಪಿದೆ ಎಂದು ನನಗೆ ಅನ್ನಿಸಿಯೂ ಇರಲಿಲ್ಲ. ಕಾಲೇಜಿನ ಮೊದಲ ತರಗತಿಯಲ್ಲಿ ಮೇಡಂ ನನ್ನ ಕಡೆ ನೋಡಿ, "ನೀವು ಹೇಳಿ, ನಿಮ್ಮ ಮನೆ ಹಿತ್ತಲಲ್ಲಿ ಯಾವ ಗಿಡ ಇದೆ?" ಎಂದರು. ನಾನು ಹಿಂದಕ್ಕೆ ತಿರುಗಿ ನೋಡಿದೆ, ದೊಡ್ಡವರು ಯಾರಾದರೂ ನಿಂತಿದ್ದಾರೇನೋ ಎಂದು. ಯಾರೂ ಇರಲಿಲ್ಲ. ಅವರು ನಗಲಿಲ್ಲ, ಸುಮ್ಮನೆ ಕಾದರು. "ನುಗ್ಗೆ ಅದೆ ಮೇಡಂ" ಎಂದೆ. "ಒಳ್ಳೇದು. ಹಾಗಾದ್ರೆ ನಾಳೆ ಪಾಠ ನುಗ್ಗೆಯಿಂದಲೇ ಶುರು ಮಾಡೋಣ, ಎಲೆ ತನ್ನಿ" ಎಂದರು. ಹದಿನೆಂಟು ತುಂಬದ ನಮ್ಮನ್ನೆಲ್ಲ ಅವರು ಬಹುವಚನದಲ್ಲೇ ಮಾತಾಡಿಸಿದರು, ಬೈಯುವಾಗಲೂ.

ತಮ್ಮನ್ನು ಹೇಗೆ ಕರೆಯಬೇಕು ಎಂಬುದರ ಬಗ್ಗೆ ಮಾತ್ರ ಅವರು ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಮಿಸ್ ಎನ್ನುವವರಿದ್ದರು, ಮೇಡಂ ಎನ್ನುವವರಿದ್ದರು, ಜವಾನ "ಅಕ್ಕಾ" ಎನ್ನುತ್ತಿದ್ದ. ಎಲ್ಲದಕ್ಕೂ ಓಗೊಡುತ್ತಿದ್ದರು. ಒಮ್ಮೆ ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆಯಲ್ಲಿ ಡಾಕ್ಟರೇಟ್ ಆಗಿದ್ದ ಗಂಡಸರ ಹೆಸರಿಗೆಲ್ಲ 'ಡಾ.' ಅಚ್ಚಾಗಿ, ಇವರ ಹೆಸರಿಗೆ 'ಶ್ರೀಮತಿ' ಎಂದಾಗಿತ್ತು. ಅಚ್ಚು ಹಾಕಿಸಿದ ಮೇಷ್ಟ್ರನ್ನು ಇವರು ಕೇಳಿದ್ದು ಒಂದೇ ಮಾತು: "ನಂಗೆ ಮದುವೆ ಯಾವಾಗಾಯ್ತು ಸಾರ್?" ಅವರು ಪೆಚ್ಚಾದರು. ಮುಂದಿನ ವರ್ಷ ಜ್ಞಾಪಕವಾಗಿ ತಿದ್ದಿಸಿದರು, 'ಕುಮಾರಿ' ಎಂದು. ಮೇಡಂ ಅದನ್ನು ಸ್ಟಾಫ್ ರೂಮಿನಲ್ಲಿ ಓದಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಬುಡಿ ಸಾರ್, ಪ್ರಿಂಟ್ ಆಗೋಗದೆ" ಎಂದು ಅಲ್ಲಿಗೆ ಬಿಟ್ಟರು.

ಆದ್ದರಿಂದ ಹೆಗ್ಗಡದೇವನಕೋಟೆಯಲ್ಲಿ ಅವತ್ತು ಅವರು ನಡೆದುಕೊಂಡ ರೀತಿ ನನಗೆ ಹೊಸದು.

ಆಗ ನಾನು ಎಂಎಸ್ಸಿ ಮುಗಿಸಿ ಅವರ ಮಾರ್ಗದರ್ಶನದಲ್ಲಿ ಸಂಶೋಧನೆಗೆ ಸೇರಿದ್ದೆ. ಗಿಡಗಳ ಮಾದರಿ ತರಲು ಹಾಡಿಗೆ ಹೋಗಿದ್ದಾಗ, ಕೋಟೆಯ ಒಂದು ಕಚೇರಿಯಲ್ಲಿ ಹಾಡಿಗಳ ಅಹವಾಲು ಕೇಳುವ ಸಭೆ ಇದೆ ಎಂದು ತಿಳಿಯಿತು. ಮೇಡಂ, ಅವರ ಚಿಕ್ಕಮ್ಮ, ನಾನು ಮೂವರೂ ಹೋದೆವು. ಆನೆಗಳು ಹೊಲಕ್ಕೆ ಬಾರದಂತೆ ಹಾಡಿಯ ಪಕ್ಕ ಆಳವಾದ ಕಂದಕ ತೋಡಿದ್ದರು. ಅದರ ಬಗ್ಗೆ ಚಿಕ್ಕಮ್ಮ ಏನೋ ಹೇಳಬೇಕಿತ್ತು.

ಅಧಿಕಾರಿಯ ಎದುರಿನ ಕುರ್ಚಿಯಲ್ಲಿ ಮೈಸೂರಿನಿಂದ ಬಂದಿದ್ದ ಪ್ರಾಧ್ಯಾಪಕರೊಬ್ಬರು ಕೂತಿದ್ದರು. ಅವರೂ ಡಾಕ್ಟರೇಟ್ ಆದವರೇ. "ಡಾಕ್ಟ್ರೇ, ಕಾಫಿ ತಗೊಳ್ಳಿ" ಎಂದು ಅಧಿಕಾರಿ ಉಪಚರಿಸುತ್ತಿದ್ದರು. ನಾವು ಗೋಡೆಗೆ ಒರಗಿ ನಿಂತಿದ್ದೆವು. ನಮ್ಮ ಸರದಿ ಬಂದಾಗ ಅಧಿಕಾರಿ ತಲೆ ಎತ್ತದೆ, "ಏನಮ್ಮ, ನಿಂದೇನು? ಬೇಗ ಹೇಳು" ಎಂದರು. ಚಿಕ್ಕಮ್ಮನ ಬಾಯಿಂದ ಮಾತೇ ಹೊರಡಲಿಲ್ಲ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಅದನ್ನೇ ಹೇಳಿಕೊಂಡು ಬಂದಿದ್ದವರು ನೆಲ ನೋಡುತ್ತ ನಿಂತರು. ಮೇಡಂ ಮುಂದೆ ಬಂದು ಏನೋ ಹೇಳಹೊರಟರೆ, "ನೀನು ಸ್ವಲ್ಪ ಸುಮ್ನಿರಮ್ಮ, ಆಯಮ್ಮನೇ ಹೇಳ್ಲಿ" ಎಂದರು ಅಧಿಕಾರಿ.

ಮೇಡಂ ದನಿ ಏರಿಸಲಿಲ್ಲ. "ಸಾರ್, ನಾನೂ ಡಾಕ್ಟರೇಟ್ ಮಾಡಿದೀನಿ. ಹುಣಸೂರಿನ ಕಾಲೇಜಲ್ಲಿ ಪಾಠ ಮಾಡ್ತೀನಿ. ಇವರನ್ನ ಡಾಕ್ಟ್ರೇ ಅಂದ್ರಲ್ಲ, ಇಲ್ಲಿ ನನ್ನನ್ನೂ ಹಾಗೇ ಕರೀಬೇಕು" ಎಂದರು.

ಅಧಿಕಾರಿ ಕನ್ನಡಕ ಸರಿಮಾಡಿಕೊಂಡು, "ಗೊತ್ತಾಗ್ಲಿಲ್ಲ ಕಣ್ರೀ. ತಪ್ಪು ತಿಳೀಬೇಡಿ ಡಾಕ್ಟ್ರೇ, ಕೂತ್ಕೊಳ್ಳಿ" ಎಂದರು.

ಮೇಡಂ ಕೂರಲಿಲ್ಲ. "ಇವರು ನಮ್ಮ ಚಿಕ್ಕಮ್ಮ. ಇವರನ್ನ 'ನೀವು' ಅನ್ನಿ."

"ಯಾಕೆ, ಇವ್ರೂ ಡಾಕ್ಟ್ರಾ?" ಎಂದು ಅಧಿಕಾರಿ ನಗಲು ನೋಡಿದರು. ಹಿಂದೆ ನಿಂತಿದ್ದವರಲ್ಲಿ ಒಬ್ಬಿಬ್ಬರು ನಕ್ಕರು.

"ಅಲ್ಲ. ಅದಕ್ಕೇ 'ನೀವು' ಅಂದ್ರೆ ಸಾಕು."

ಆ ಮೈಸೂರಿನ ಪ್ರಾಧ್ಯಾಪಕರು ಎದ್ದು ತಮ್ಮ ಕುರ್ಚಿಯನ್ನು ಚಿಕ್ಕಮ್ಮನ ಕಡೆಗೆ ಎಳೆದರು. ಚಿಕ್ಕಮ್ಮ ಅದರ ಅಂಚಿನಲ್ಲಿ ಕೂತರು. ಅಧಿಕಾರಿ ಪೆನ್ನು ಕೆಳಗಿಟ್ಟು, "ಹೇಳಿ ತಾಯಿ, ಏನಾಗಿದೆ ನಿಮಗೆ?" ಎಂದರು. ಅದಾದ ಮೇಲೆ ಚಿಕ್ಕಮ್ಮನಿಗೆ ಮಾತು ಬಂತು.

"ನಮ್ಮೋರ್ನ ಮಣ್ ಮಾಡೋ ಜಾಗ ಕಂದಕದಾಚೆ ಅದೆ ಸೋಮಿ. ಎಣ ಒತ್ಕಂಡು ಅದ್ರೊಳಕ್ ಇಳ್ದು ಅತ್ಬೇಕು. ಓದ್ ಮಳೆಗಾಲ್ದಲ್ಲಿ ಒತ್ಕಂಡೋರೂ ಜಾರಿ ಬಿದ್ರು, ಎಣಾನೂ ಬಿತ್ತು. ಕೆಸ್ರಲ್ಲಿ ಉಡುಕ್ಬೇಕಾಯ್ತು." ಕೊನೆಗೆ, "ನನ್ ಗಂಡ ಅದು" ಎಂದರು.

ಆ ಹೆಣ ಗಂಡನದೆಂದು ಬಸ್ಸಿನಲ್ಲೂ ಚಿಕ್ಕಮ್ಮ ನನಗೆ ಹೇಳಿರಲಿಲ್ಲ. ಅಧಿಕಾರಿ ಒಂದು ಬಿಳಿ ಹಾಳೆ ಎಳೆದುಕೊಂಡರು. ಆಮೇಲೆ ಒಂದೊಂದೇ ಕೇಳಿ ತಿಳಿದುಕೊಂಡರು. ಕಂದಕ ಎಷ್ಟು ಅಗಲ, ದಾರಿ ಎಲ್ಲಿತ್ತು, ಆನೆ ಬರುವುದು ಯಾವ ಕಡೆಯಿಂದ. ಪ್ರತಿ ಸಲವೂ 'ನೀವು' ಎಂದರು. ಕೆಲಸ ಬೇಗ ಆಗಲಿಲ್ಲ, ಇನ್ನೊಂದು ಮಳೆಗಾಲ ಹಾಗೇ ಕಳೆಯಿತು. ಆದರೆ ಆಯಿತು. ಇಬ್ಬರು ಪಕ್ಕಪಕ್ಕ ನಡೆಯಬಹುದಾದ, ಆನೆ ಕಾಲಿಡಲಾಗದ ಒಂದು ಕಾಲುಸೇತುವೆ ಕಟ್ಟಿದರು.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಕೇಳಿದೆ, "ಕಾಲೇಜಲ್ಲಿ ಕುಮಾರಿ ಅಂದ್ರೂ ಬಿಟ್ಬಿಟ್ರಲ್ಲ ಮೇಡಂ, ಇವತ್ತು ಯಾಕೆ ಬಿಡ್ಲಿಲ್ಲ?"

ಅವರು ಕಿಟಕಿಯಾಚೆ ನೋಡುತ್ತ, "ಕಾಲೇಜಲ್ಲಿ ಏನಂದ್ರೂ ನನ್ನ ಕೆಲ್ಸ ನಡೀತದೆ. ಇಲ್ಲಿ ನಡೀತಿರ್ಲಿಲ್ಲ. ಆ ಒಂದಕ್ಷರಕ್ಕೆ ಏಳು ವರ್ಷ ಗೇದಿದೀನಿ ಕಣ್ರೀ, ಬೇಕಾದಾಗ ಕೆಲ್ಸಕ್ಕೆ ಬರ್ಲಿ" ಎಂದರು. ಆಮೇಲೆ ಹುಣಸೂರು ಬರುವವರೆಗೂ ನಿದ್ದೆ ಮಾಡಿದರು.

ನನ್ನ ಪ್ರಬಂಧದ ಕೊನೆಯ ಅಧ್ಯಾಯ ಉಳಿದಿದ್ದಾಗ ಅವರಿಗೆ ಕಾಯಿಲೆ ಬಂತು. ಗೊತ್ತಾಗುವ ಹೊತ್ತಿಗೆ ಹೊಟ್ಟೆಯ ತುಂಬ ಹಬ್ಬಿತ್ತು. ಮೈಸೂರಿನ ಆಸ್ಪತ್ರೆಯಲ್ಲಿ ಮಲಗಿಕೊಂಡೇ ನನ್ನ ಬರಹ ತಿದ್ದಿದರು. ವಾರ್ಡಿಗೆ ಬರುತ್ತಿದ್ದ ಎಳೆ ವಯಸ್ಸಿನ ವೈದ್ಯೆಗೆ ಯಾರೋ ಇವರ ಓದಿನ ವಿಷಯ ಹೇಳಿದ್ದರು. ಆಕೆ ಗಾಬರಿಯಿಂದ, "ನೀವೂ ಡಾಕ್ಟ್ರಂತೆ, ನಾನು ಇಷ್ಟು ದಿನ ಅಮ್ಮಾ ಅಂತಿದ್ದೆ" ಎಂದರು. ಮೇಡಂ ಆಕೆಯ ಕೈ ಹಿಡಿದು, "ಅದನ್ನೇ ಅನ್ನಿ. ಇಲ್ಲಿ ನೀವು ಡಾಕ್ಟ್ರು, ನಾನು ಪೇಷೆಂಟು" ಎಂದರು. ಅಂದಿನಿಂದ ಆ ಹುಡುಗಿ ಡ್ಯೂಟಿ ಮುಗಿದ ಮೇಲೂ ಬಂದು ಕೂರುತ್ತಿದ್ದಳು.

ಅವರು ತೀರಿಕೊಂಡ ದಿನ ನಾನು ಪಾಠ ಮಾಡುತ್ತಿದ್ದ ಕಾಲೇಜಿನಲ್ಲಿ ಪರೀಕ್ಷೆಯ ಕೆಲಸವಿತ್ತು. ಸುದ್ದಿ ತಿಳಿದು ಹೊರಡುವಷ್ಟರಲ್ಲಿ ಹಾಡಿಯಲ್ಲಿ ಮಣ್ಣು ಮಾಡಿ ಮುಗಿದಿತ್ತು. ವರ್ಷದೊಳಗೆ ನನಗೂ ಡಾಕ್ಟರೇಟ್ ಬಂತು. ಮನೆಯವರು ಸಿಹಿ ಹಂಚಿದರು, ಕಾಲೇಜಿನಲ್ಲಿ ಹಾರ ಹಾಕಿದರು. ಯಾರಿಗೆ ಹೇಳಬೇಕೋ ಅವರಿಗೆ ಹೇಳಿಲ್ಲ ಅನ್ನಿಸುತ್ತಲೇ ಇತ್ತು. ಒಂದು ಭಾನುವಾರ ಬಸ್ಸು ಹತ್ತಿ ಹಾಡಿಗೆ ಹೋದೆ.

ಚಿಕ್ಕಮ್ಮ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಪಕ್ಕದಲ್ಲಿ ಕೂತು ನಾನೂ ಸುಲಿಯುತ್ತ ವಿಷಯ ಹೇಳಿದೆ. ಅವರು ಕೈ ನಿಲ್ಲಿಸಿ ನನ್ನ ಮುಖ ನೋಡಿದರು.

"ಅಂಗಾರೆ ಇನ್ಮ್ಯಾಕೆ ನಿಮ್ಮುನ್ನೂ ಡಾಕ್ಟ್ರಮ್ಮ ಅನ್ಬೇಕಾ?"

"ಬೇಡ ಚಿಕ್ಕಮ್ಮ, ಹೆಸರು ಹಿಡಿದೇ ಕರೀರಿ."

ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. "ಅವ್ಳೂ ಅದ್ನೇ ಅಂದಿದ್ಲು" ಎಂದು ಕಾಫಿ ಕಾಯಿಸಲು ಎದ್ದು ಒಳಗೆ ಹೋದರು.