ಗಣಿಲೈನಿನ ಬಿಲ್ಲೆ ಗುರುಶಾಂತಮ್ಮ

ಅಜ್ಜಂಪುರದಿಂದ ಮೂರು ಮೈಲಿ ಆಚೆಯ ಗಣಿಲೈನಿನಲ್ಲಿ ಯಾರು ಎಲ್ಲಿಗೆ ಹೋದರು, ಯಾವಾಗ ವಾಪಸು ಬಂದರು ಎಂದು ತಿಳಿಯಬೇಕಾದರೆ ಗುಡಿಯಲ್ಲಿದ್ದ ಬಸವಣ್ಣನೂ ಗುರುಶಾಂತಮ್ಮನನ್ನೇ ಕೇಳಬೇಕಾಗಿತ್ತು. ಅವಳ ಮನೆಯ ಜಗಲಿ ಗೋಡೆಗೆ ಬಾಗಿಲಿನಷ್ಟು ಅಗಲದ ತೇಗದ ಹಲಗೆ, ಹಲಗೆಯ ತುಂಬ ಸಾಲುಸಾಲು ಮೊಳೆ. ಊರಿನ ಪ್ರತಿಯೊಬ್ಬರ ಹತ್ತಿರವೂ ರೂಪಾಯಿಯಗಲದ, ನಂಬರು ಕೆತ್ತಿದ ಒಂದು ಹಿತ್ತಾಳೆ ಬಿಲ್ಲೆ. ಊರಾಚೆಯ ಮೋರಿ ದಾಟುವವರು ಬಿಲ್ಲೆಯನ್ನು ಮೊಳೆಗೆ ತಗುಲಿಸಿ ಹೋಗಬೇಕು, ಬಂದ ಮೇಲೆ ತೆಗೆದುಕೊಂಡು ಮನೆ ಸೇರಬೇಕು. ದೀಪ ಹಚ್ಚುವ ಹೊತ್ತಿಗೆ ಹಲಗೆಯ ಮೇಲೆ ಯಾರದಾದರೂ ಬಿಲ್ಲೆ ಉಳಿದಿತ್ತೋ, ಗುರುಶಾಂತಮ್ಮ ಸೆರಗು ಸಿಕ್ಕಿಸಿಕೊಂಡು ಆ ಮನೆಯ ಬಾಗಿಲಿಗೆ ಹೊರಟಳೆಂದೇ ಅರ್ಥ.

ಇದೇನು ಊರೋ ಪೊಲೀಸ್ ಠಾಣೆಯೋ ಎಂದು ನೀವು ಕೇಳಬಹುದು. ಕೇಳಿ, ಅಡ್ಡಿಯಿಲ್ಲ, ಸುತ್ತಲಿನ ಊರಿನವರೆಲ್ಲ ಕೇಳಿಯಾಗಿದೆ.

ಗಣಿಲೈನು ಎಂದರೆ ಎದುರುಬದುರು ಎರಡು ಸಾಲು ಮನೆ, ನಡುವೆ ಒಂದು ಸೇದುವ ಬಾವಿ, ಕೊನೆಗೊಂದು ಗುಡಿ. ಹಿಂದಿನ ಗುಡ್ಡದಲ್ಲಿ ಚಿನ್ನವಿದೆಯೆಂದು ಒಂದು ಕಂಪನಿಯವರು ಬಂದು, ಗುಡ್ಡ ಕೊರೆದು, ಆಳುಗಳಿಗಾಗಿ ಕಟ್ಟಿಸಿದ ಮನೆಗಳು ಇವು. ಚಿನ್ನವೇನೋ ಸಿಕ್ಕಿತು, ಆದರೆ ತೆಗೆಯುವ ಖರ್ಚಿಗೇ ಸಾಲದಷ್ಟು. ಕಂಪನಿ ತನ್ನ ಯಂತ್ರಗಳನ್ನೆಲ್ಲ ಅಜ್ಜಂಪುರದಲ್ಲಿ ರೈಲಿಗೇರಿಸಿಕೊಂಡು ಹೋಗಿ, ಈ ಕಥೆಯ ಹೊತ್ತಿಗೆ, ಅಂದರೆ ಐವತ್ತೆಂಟನೇ ಇಸವಿಗೆ, ಮೂವತ್ತೈದು ವರ್ಷವಾಗಿತ್ತು. ಜನ ಮಾತ್ರ ಹೋಗಲಿಲ್ಲ. ಸುತ್ತಲಿನ ಬೀಳು ಹಸನು ಮಾಡಿ ರಾಗಿ, ಈರುಳ್ಳಿ ಬೆಳೆದುಕೊಂಡು ಅಲ್ಲೇ ಉಳಿದರು. ಅವರ ಜೊತೆಗೆ ಬಿಲ್ಲೆಯೂ ಉಳಿಯಿತು.

ಬಿಲ್ಲೆಯ ಪದ್ಧತಿ ತಂದವನು ಗಣಿಯ ದೊರೆ, ಸ್ಕಾಟ್ಲೆಂಡಿನವನು. ಅವನ ಹುಟ್ಟೂರೂ ಗಣಿಯೂರೇ ಅಂತೆ. ಅಲ್ಲೂ ಹೀಗೇ ಸಾಲುಮನೆ, ಹೀಗೇ ಬಿಲ್ಲೆ. ಗಣಿಗಿಳಿಯುವವನು ತಗುಲಿಸಬೇಕು, ಮೇಲೆ ಬಂದವನು ತೆಗೆಯಬೇಕು. ಹಲಗೆಯ ಉಸ್ತುವಾರಿ ಗುರುಶಾಂತಮ್ಮನ ಗಂಡ ಚನ್ನಬಸಪ್ಪನದು. ಅವಳು ಮದುವೆಯಾಗಿ ಬಂದ ವರ್ಷವೇ ಒಂದು ಸಂಜೆ ಒಂದು ಬಿಲ್ಲೆ ಹಲಗೆಯ ಮೇಲೇ ಉಳಿಯಿತು. ‘ಯಾವನೋ ಮರೆತು ಮನೆಗೆ ಹೋಗಿರ್ತಾನೆ, ಬಿಡಯ್ಯ’ ಎಂದರು ಮೇಸ್ತ್ರಿಗಳು. ಚನ್ನಬಸಪ್ಪ ಬಿಡಲಿಲ್ಲ, ಹಟ ಹಿಡಿದು ಜನರನ್ನು ಮತ್ತೆ ಕೆಳಗಿಳಿಸಿದ. ಕುಸಿದ ಮಣ್ಣಿನಾಚೆ ಇಪ್ಪತ್ತು ವರ್ಷದ ಕೆಂಚಪ್ಪ ಜೀವ ಕೈಯಲ್ಲಿ ಹಿಡಿದುಕೊಂಡು ಕೂತಿದ್ದ. ಈಗ ಆ ಕೆಂಚಪ್ಪನಿಗೆ ಮೊಮ್ಮಕ್ಕಳಿದ್ದಾರೆ. ಇದನ್ನು ಕಣ್ಣಾರೆ ಕಂಡವಳು ಗಣಿ ಮುಚ್ಚಿತೆಂದು ಹಲಗೆಯನ್ನು ಒಲೆಗೆ ಹಾಕುತ್ತಾಳೆಯೇ? ಗಣಿಗಿಳಿಯುವವರಿಗಿದ್ದ ನಿಯಮ ಮೋರಿ ದಾಟುವವರಿಗಾಯಿತು. ಗಂಡ ತೀರಿಕೊಂಡ ಮೇಲಂತೂ ಅವಳದು ಇನ್ನೂ ಜೋರಾಯಿತು. ಉಳಿದಿದ್ದ ಬಿಲ್ಲೆಗಳನ್ನು ಹೆಂಗಸರಿಗೂ ಹಂಚಿಬಿಟ್ಟಳು.

ಇದರಿಂದ ಊರ ಗಂಡಸರಿಗಾದ ತೊಂದರೆ ಅಷ್ಟಿಷ್ಟಲ್ಲ. ಮಠಕ್ಕೆ ಹೋಗಿ ಬರುತ್ತೇನೆಂದು ಹೇಳಿ ತರೀಕೆರೆಯಲ್ಲಿ ಸಿನಿಮಾ ನೋಡಿ ಬರುವಂತಿಲ್ಲ. ‘ಯಾವ ಮಠನಪ್ಪಾ, ಇಷ್ಟೊತ್ತು ಪೂಜೆ ನಡೆಯೋದು?’ ಎಂದು ಬಿಲ್ಲೆ ತೆಗೆಯುವಾಗಲೇ ಪ್ರಶ್ನೆ. ಅವಳನ್ನು ಬೈಯದ ಗಂಡಸು ಊರಲ್ಲಿರಲಿಲ್ಲ. ಬೈದುಕೊಂಡೇ ತಗುಲಿಸಿ ಹೋಗುತ್ತಿದ್ದರು, ಬೈದುಕೊಂಡೇ ಬಂದು ತೆಗೆಯುತ್ತಿದ್ದರು.

ಬೈಗುಳ ಗುರುಶಾಂತಮ್ಮನಿಗೆ ತಾಗುತ್ತಿರಲಿಲ್ಲ. ತಾಗಿದ್ದು ಮಗಳ ಮದುವೆಯ ವಿಷಯ. ಹೆತ್ತ ನಾಲ್ವರಲ್ಲಿ ಉಳಿದವಳು ವಿಮಲ ಒಬ್ಬಳೇ, ಹತ್ತೊಂಬತ್ತು ತುಂಬಿತ್ತು. ಬಣ್ಣ ಚೆನ್ನ, ಗುಣ ಚೆನ್ನ, ಕೈ ರುಚಿಯಂತೂ ಹೇಳುವುದೇ ಬೇಡ. ಆದರೂ ಎರಡು ಸಂಬಂಧ ಹಿಂದಕ್ಕೆ ಹೋಗಿದ್ದವು. ಎರಡಕ್ಕೂ ಕಾರಣ ಒಂದೇ: ‘ಆ ನಂಬರಿನೂರಿನ ಹೆಣ್ಣೇ? ತಾಯಿ ಊರಿಗೆಲ್ಲ ಬಿಲ್ಲೆ ಹಾಕಿದಾಳೆ, ಮಗಳು ಬಂದು ನಮ್ಮನೆಯವರಿಗೆ ಹಾಕ್ತಾಳೆ.’ ಈಗ ಮೂರನೆಯದು ಬರುವುದರಲ್ಲಿತ್ತು. ದೇವನೂರಿನ ಪಂಚಾಕ್ಷರಪ್ಪನವರ ಮಗ ಓಂಕಾರಮೂರ್ತಿ. ಸ್ವಂತ ಬಟ್ಟೆ ಅಂಗಡಿ, ಹೊಲ, ದೊಡ್ಡ ಮನೆ. ಹುಡುಗ ಒಂದು ಮದುವೆಯಲ್ಲಿ ವಿಮಲಳನ್ನು ನೋಡಿ ಒಪ್ಪಿದ್ದ. ವಿಮಲಳೂ ನೋಡಿರಲಿಲ್ಲವೆಂದಲ್ಲ. ಪಂಚಾಕ್ಷರಪ್ಪನವರು ಹೂಂ ಎಂದರೆ ಮುಗಿಯಿತು.

ಇದೂ ತಪ್ಪಿ ಹೋದರೆ ಮಗಳ ಗತಿಯೇನೆಂದು ಗುರುಶಾಂತಮ್ಮ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾಲ್ಕನೆಯ ದಿನ, ಬೀಗರಾಗುವವರು ಬರುವ ಮಧ್ಯಾಹ್ನ, ಹಲಗೆಯ ಮೇಲೆ ಒಂದು ದುಪ್ಪಟಿ ಇಳಿಬಿಟ್ಟಳು. ಹಲಗೆ ಮುಚ್ಚಿಹೋಯಿತು. ಅವಳು ಮರೆತದ್ದು ಒಂದೇ, ಅಂದು ಸಂತೆಯ ದಿನ.

ಸಂಜೆ ಪಂಚಾಕ್ಷರಪ್ಪನವರು ಹೆಂಡತಿ ಸಾವಿತ್ರಮ್ಮ ಮತ್ತು ಮಗನೊಂದಿಗೆ ಬಂದು ಜಗಲಿಯ ಮೇಲೆ ಕೂತರು. ಜರಿಯಂಚಿನ ರುಮಾಲು, ಹಣೆ ತುಂಬ ವಿಭೂತಿ, ಅಳೆದು ತೂಗಿ ಆಡುವ ಮಾತು. ಬೆಲ್ಲ ನೀರು ಕೊಟ್ಟು ಇನ್ನೇನು ಮಾತು ಶುರುವಾಗಬೇಕು, ಸಂತೆಯಿಂದ ಬಂದವನೊಬ್ಬ ಜಗಲಿ ಹತ್ತಿ, ದುಪ್ಪಟಿ ಎತ್ತಿ, ಒಳಗೆ ಕೈ ಹಾಕಿ, ಬಿಲ್ಲೆ ತೆಗೆದುಕೊಂಡು ಹೋದ. ಅವನ ಹಿಂದೆ ಇನ್ನೊಬ್ಬ. ಆಮೇಲೆ ಮೂವರು ಹೆಂಗಸರು. ಪ್ರತಿಯೊಬ್ಬರೂ ನೆಂಟರ ತಲೆಯ ಮೇಲಿಂದ ಬಗ್ಗಿ ದುಪ್ಪಟಿಯೊಳಗೆ ಮುಖ ಹಾಕುವವರೇ. ಗುರುಶಾಂತಮ್ಮ ಕಣ್ಸನ್ನೆ ಮಾಡಿ ಮಾಡಿ ಕಣ್ಣು ನೋಯಿಸಿಕೊಂಡಳು.

‘ಏನಿದು?’ ಎಂದರು ಪಂಚಾಕ್ಷರಪ್ಪ.

ಆಗಲೇ ಬರಬೇಕೇ ಕೆಂಚಪ್ಪ! ದುಪ್ಪಟಿಯನ್ನು ಪೂರ್ತಿ ಎತ್ತಿ ಹಿಡಿದು ಗಣಿ, ದೊರೆ, ಕುಸಿದ ಮಣ್ಣು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ಕೊನೆಗೆ, ‘ನಿಮಗೂ ಒಂದು ಕೊಡ್ತಾರೆ ಕಣ್ರೀ. ಬೆಳಗ್ಗೆ ಬಯಲಿಗೆ ಹೋಗುವಾಗ ತಗುಲಿಸಿ ಹೋಗಿ. ಗುಡ್ಡದ ಕಡೆ ಗುಂಡಿ ಜಾಸ್ತಿ’ ಎಂದ.

‘ನಾನೇನು ದನವೇನಯ್ಯಾ, ಬಿಲ್ಲೆ ಹಾಕಿಸ್ಕೊಂಡು ಮೇಯಕ್ಕೆ ಹೋಗೋಕೆ?’ ಎಂದು ಪಂಚಾಕ್ಷರಪ್ಪ ಮುಖ ತಿರುಗಿಸಿದರು. ರಾತ್ರಿ ಒಬ್ಬಟ್ಟಿನ ಊಟಕ್ಕೂ ಆ ಮುಖ ಸಡಿಲವಾಗಲಿಲ್ಲ. ‘ಬೆಳಗ್ಗೆ ಮಾತಾಡೋಣ’ ಎಂದಷ್ಟೇ ಹೇಳಿ ಮಲಗಿದರು.

ಬೆಳಗ್ಗೆ ಪಂಚಾಕ್ಷರಪ್ಪನವರು ಚೊಂಬು ಹಿಡಿದು ಮೋರಿ ದಾಟಿ ಗುಡ್ಡದ ಕಡೆ ಹೋದದ್ದನ್ನು ಗುರುಶಾಂತಮ್ಮ ಅಡುಗೆಮನೆ ಕಿಟಕಿಯಿಂದ ನೋಡಿದಳು. ನೋಡಿ ಸುಮ್ಮನಿರಬಹುದಿತ್ತು. ಎರಡು ಸಲ ಒಲೆ ಊದಿ, ಮೂರನೆಯ ಸಲ ತಡೆಯಲಾರದೆ, ಪೆಟ್ಟಿಗೆಯಿಂದ ಗಂಡನ ಬಿಲ್ಲೆಯನ್ನು ತಂದು ಯಾರಿಗೂ ಕಾಣದಂತೆ ದುಪ್ಪಟಿಯ ಹಿಂದೆ ತಗುಲಿಸಿದಳು. ಆಮೇಲೆ ಮನಸ್ಸಿಗೆ ಸಮಾಧಾನವಾಯಿತು.

ಸಮಾಧಾನ ಉಪ್ಪಿಟ್ಟು ಇಳಿಸುವವರೆಗೆ ಮಾತ್ರ. ತಾಯಿ ಮಗ ತಿಂಡಿಗೆ ಕೂತರು, ಎರಡನೆಯ ಸಲ ಬಡಿಸಿಕೊಂಡರು, ಕಾಫಿಯೂ ಆಯಿತು. ಯಜಮಾನರೆಲ್ಲಿ ಎಂದು ಒಬ್ಬರೂ ಕೇಳಲಿಲ್ಲ. ಗುರುಶಾಂತಮ್ಮನೇ ಮೆಲ್ಲಗೆ ಕೇಳಿದಳು. ‘ಎಲ್ಲಾದ್ರೂ ಮಾತಾಡ್ತಾ ಕೂತಿರ್ತಾರೆ, ಬರ್ತಾರೆ ಬಿಡಿ’ ಎಂದರು ಸಾವಿತ್ರಮ್ಮ.

ಅವಳು ದುಪ್ಪಟಿ ಎತ್ತಿ ನೋಡಿದಳು. ಬಿಲ್ಲೆ ಅಲ್ಲೇ ಇತ್ತು. ಮತ್ತೆ ನೋಡಿದಳು. ಇರದೆ ಎಲ್ಲಿಗೆ ಹೋಗುತ್ತದೆ? ಚಿನ್ನದ ಜಾಡು ನೋಡಲು ಕಂಪನಿಯವರು ತೋಡಿ ಹಾಗೇ ಬಿಟ್ಟುಹೋದ ಗುಂಡಿಗಳು ಗುಡ್ಡದ ತುಂಬ ಲಂಟಾನದ ಪೊದೆ ಮುಚ್ಚಿಕೊಂಡು ಇದ್ದವು. ಬಯಲಿಗೆ ಹೋದ ಬೀಗರ ಹಿಂದೆ ಆಳು ಅಟ್ಟಿದರೆ ಮರ್ಯಾದೆ ಹೋಯಿತು, ಸಂಬಂಧವೂ ಹೋಯಿತು. ಅಟ್ಟದಿದ್ದರೆ? ಹಿತ್ತಿಲಿಂದ ಹೋಗಿ ಕೆಂಚಪ್ಪನನ್ನು ಕರೆದು ಪಿಸುಗುಟ್ಟಿದಳು: ‘ಯಾರಿಗೂ ಗೊತ್ತಾಗದಂಗೆ ಒಬ್ಬನೇ ಹೋಗಿ ನೋಡ್ಕೊಂಡು ಬಾರಪ್ಪ.’

ಯಾರಿಗೂ ಗೊತ್ತಾಗದಂತೆ! ಮೂವತ್ತೈದು ವರ್ಷದಿಂದ ಇಂಥದೊಂದು ದಿನಕ್ಕೆ ಕಾದಿದ್ದ ಕೆಂಚಪ್ಪ ನೆಟ್ಟಗೆ ಗುಡಿಗೆ ಓಡಿ, ಅಲ್ಲಿ ತೂಗುಹಾಕಿದ್ದ ರೈಲು ಹಳಿಯ ತುಂಡನ್ನು ಢಣಢಣ ಬಾರಿಸಿಯೇಬಿಟ್ಟ. ‘ಒಂದು ಬಿಲ್ಲೆ ಬಂದಿಲ್ಲ ಕಣ್ರೋ!’ ಎರಡು ಸಾಲಿನ ಬಾಗಿಲೂ ತೆರೆದವು. ಹಗ್ಗ ಹಿಡಿದವರು, ಏಣಿ ಹೊತ್ತವರು, ಮಗುವನ್ನು ಸೊಂಟಕ್ಕೇರಿಸಿಕೊಂಡವರು, ಇಡೀ ಊರು ಗುಡ್ಡಕ್ಕೆ ಹೊರಟಿತು. ಗುರುಶಾಂತಮ್ಮ ಹಣೆ ಚಚ್ಚಿಕೊಂಡು ಅವರ ಹಿಂದೆ ಓಡಿದಳು.

ಪಂಚಾಕ್ಷರಪ್ಪನವರು ಒಂದಾಳುದ್ದದ ಗುಂಡಿಯಲ್ಲಿ ಕಾಲು ಉಳುಕಿಸಿಕೊಂಡು ಕೂತಿದ್ದರು. ಮಠದಲ್ಲಿ ಮುಂದಿನ ಸಾಲಿನಲ್ಲಿ ಕೂರುವ ಮನುಷ್ಯ ‘ಅಯ್ಯೋ, ಬನ್ರಪ್ಪೋ’ ಎಂದು ಕೂಗುವುದುಂಟೇ? ಕೆಮ್ಮುತ್ತಿದ್ದರು. ಹಿರಿಯರು ಮನೆಯೊಳಗೆ ಬರುವ ಮೊದಲು ಹೊಸಿಲಲ್ಲಿ ಕೆಮ್ಮುತ್ತಾರಲ್ಲ, ಆ ಗತ್ತಿನಲ್ಲಿ, ಒಂದೂವರೆ ಗಂಟೆಯಿಂದ ಕೆಮ್ಮುತ್ತಿದ್ದರು. ಆ ಕೆಮ್ಮು ಕೇಳಿಯೇ ಕೆಂಚಪ್ಪ ಪೊದೆ ಸರಿಸಿದ್ದು. ಎಪ್ಪತ್ತು ಜನ ನೋಡುತ್ತಿದ್ದಂತೆ ನಾಲ್ವರು ಹಗ್ಗ ಕಟ್ಟಿ ಎಳೆದರು. ಯಜಮಾನರು ಮೇಲೆ ಬಂದರು, ಕೈಯಲ್ಲಿದ್ದ ಚೊಂಬಿನ ಸಮೇತ.

ಜಗಲಿಯ ಮೇಲೆ ಕೂರಿಸಿ ಕಾಲಿಗೆ ಅರಿಶಿನದ ಪಟ್ಟು ಹಾಕಿದ್ದಾಯಿತು. ಯಾರೂ ನಗಲಿಲ್ಲ, ನಗದಿರಲು ಕೆಲವರು ದೂರ ಹೋಗಿ ನಿಂತರು. ಎಲ್ಲ ಮುಗಿಯಿತೆಂದುಕೊಂಡ ಗುರುಶಾಂತಮ್ಮನಿಗೆ ಮಗಳ ಮುಖ ನೋಡುವ ಧೈರ್ಯವಿರಲಿಲ್ಲ.

ಪಂಚಾಕ್ಷರಪ್ಪ ಚೊಂಬನ್ನು ಪಕ್ಕಕ್ಕಿಟ್ಟು ಕೇಳಿದರು, ‘ನಾನು ಬಿಲ್ಲೆ ಬೇಡ ಅಂದಿದ್ನಲ್ಲ ತಾಯಿ. ಬಂದಿಲ್ಲ ಅಂತ ಹೆಂಗೆ ಗೊತ್ತಾಯ್ತು?’

ಅವಳು ದುಪ್ಪಟಿ ಸರಿಸಿ ತೋರಿಸಿದಳು. ‘ತಪ್ಪಾಯ್ತು ಅಣ್ಣಾರೆ. ನಮ್ಮ ಯಜಮಾನ್ರ ಬಿಲ್ಲೆ. ನೀವು ಮೋರಿ ದಾಟಿದ್ದು ಕಂಡೆ, ನನ್ನ ಕೈ ಸುಮ್ಮನಿರಲಿಲ್ಲ.’

ಪಂಚಾಕ್ಷರಪ್ಪ ಆ ಒಂಟಿ ಬಿಲ್ಲೆಯನ್ನೇ ನೋಡುತ್ತ ಕೂತರು. ‘ನಮ್ಮನೇಲಿ ಹನ್ನೊಂದು ಜನ ಇದೀವಿ ತಾಯಿ. ಅಲ್ಲಿ ಹಿಂಗೆ ಬಿದ್ದಿದ್ರೆ, ಮಧ್ಯಾಹ್ನ ಅಂಗಡೀಲಿದಾರೆ ಅಂದ್ಕೋತಿದ್ರು. ಸಾಯಂಕಾಲ ಮಠಕ್ಕೆ ಹೋಗಿರ್ತಾರೆ ಅಂತಿದ್ರು. ಮಾರನೇ ದಿನ ಅಂಗಡಿ ಬಾಗಿಲು ತೆಗೆಯೋಕೆ ಬೀಗದ ಕೈ ಬೇಕಲ್ಲ, ಆಗ ಹುಡುಕ್ತಿದ್ರು. ನನ್ನನ್ನಲ್ಲ, ಬೀಗದ ಕೈನ.’ ಉಳುಕಿದ ಕಾಲನ್ನು ಮೆಲ್ಲಗೆ ಸರಿಸಿ ನೆಟ್ಟಗೆ ಕೂತರು. ‘ಇಂಥಾ ಮನೆ ಹೆಣ್ಣು ನಮ್ಮನೆಗೆ ಬರ್ಲಿ. ನಂಗೆ ಒಪ್ಪಿಗೆ.’

ಕೆಂಚಪ್ಪ ಚಪ್ಪಾಳೆ ತಟ್ಟಿಯೇಬಿಟ್ಟ. ಎರಡು ವರ್ಷದಿಂದ ಈ ಒಂದು ಮಾತಿಗಾಗಿ ಬಸವಣ್ಣನಿಗೆ ಸುತ್ತು ಹಾಕಿದ್ದ ಗುರುಶಾಂತಮ್ಮ ಮಾತ್ರ ನಿಂತಲ್ಲೇ ನಿಂತಿದ್ದಳು. ಒಪ್ಪಿಗೆಯ ಮಾತು ಕಿವಿಗೆ ಬೀಳುವ ಮೊದಲೇ ಬೀಗದ ಕೈಯ ಮಾತು ಅವಳ ಹೊಟ್ಟೆಗಿಳಿದಿತ್ತು. ಮನೆಯ ಯಜಮಾನನನ್ನೇ ಹುಡುಕದ ಮನೆಯಲ್ಲಿ ನಿನ್ನೆ ಮೊನ್ನೆ ಬಂದ ಸೊಸೆಯನ್ನು ಯಾರು ಹುಡುಕುತ್ತಾರೆ?

‘ಹಂಗಾದ್ರೆ ನಾನು ಹೆಣ್ಣು ಕೊಡಲ್ಲ ಅಣ್ಣಾರೆ’ ಎಂದಳು.

‘ಏ ಗುರುಶಾಂತವ್ವ, ತಲೆ ನೆಟ್ಟಗಿದೆಯಾ?’ ಎಂದು ಕೆಂಚಪ್ಪ ಕೂಗಿದ. ಬಾಗಿಲ ಮರೆಯಲ್ಲಿದ್ದ ವಿಮಲಳ ಮುಖ ಸಣ್ಣಗಾಯಿತು. ಓಂಕಾರಮೂರ್ತಿ ಎದ್ದು ನಿಂತ.

‘ಬೈಕೊಳ್ಳಿ. ನನಗಿರೋದು ಒಂದೇ ಮಗು. ಬಾವಿಗೆ ಹೋದೋಳು ಬಂದ್ಲಾ ಅಂತ ಕೇಳೋರಿಲ್ಲದ ಮನೆಗೆ ಹೆಂಗೆ ಕಳಿಸ್ಲಿ?’ ಎನ್ನುವಾಗ ಅವಳ ಕಣ್ಣು ತುಂಬಿ ಹರಿಯುತ್ತಿತ್ತು.

ಪಂಚಾಕ್ಷರಪ್ಪನವರಿಗೆ ಕೆಂಡದಂಥ ಸಿಟ್ಟು ಬಂತು. ಮಾತಾಡಲು ಬಾಯಿ ತೆರೆದರು. ಅಷ್ಟರಲ್ಲಿ ಅಲ್ಲಿಯವರೆಗೆ ಉಪ್ಪಿಟ್ಟು ಚೆನ್ನಾಗಿದೆ ಎಂದದ್ದು ಬಿಟ್ಟರೆ ಹೆಚ್ಚು ಮಾತಾಡದ ಸಾವಿತ್ರಮ್ಮ ನೆಲ ನೋಡುತ್ತ ಅಂದರು: ‘ತಂಗಿ ಹೇಳೋದು ನಿಜ ಕಣ್ರೀ. ನಾನು ನಿಮ್ಮನೆಗೆ ಬಂದು ಇಪ್ಪತ್ತೆಂಟು ವರ್ಷ ಆಯ್ತು. ಬಂದ್ಯಾ, ಹೋದ್ಯಾ ಅಂತ ಒಂದಿನ ಯಾರೂ ಕೇಳಿಲ್ಲ.’

ಗುಂಡಿಯಿಂದ ಎಳೆಸಿಕೊಳ್ಳುವಾಗಲೂ ತಗ್ಗದ ಯಜಮಾನರ ತಲೆ ಈಗ ತಗ್ಗಿತು.

‘ನಾನು ಕೇಳ್ತೀನಿ’ ಎಂದರು. ‘ಈ ಮಗೂನೂ ಕೇಳ್ತೀನಿ, ಇವಳನ್ನೂ ಕೇಳ್ತೀನಿ. ಮಾತು ಕೊಟ್ಟೆ ತಾಯಿ. ಹೆಣ್ಣು ಕೊಡಿ.’

ಮಾಘದಲ್ಲಿ ಮದುವೆಯಾಯಿತು. ಮುಂದಿನ ವರ್ಷ ವಿಮಲ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ಬಂದವಳು ಗಾಡಿ ಇಳಿದು ಕಾಲು ತೊಳೆಯುವ ಮೊದಲೇ ಮಾವನ ಮೇಲೆ ದೂರು ಶುರುಮಾಡಿದಳು.

‘ನಿನ್ನಿಂದ ನಮ್ಮನೆ ಹಾಳಾಯ್ತು ಕಣವ್ವ. ದೀಪ ಹಚ್ಚೋ ಹೊತ್ತಿಗೆ ಮಾವ ಅಂಗಡಿಯಿಂದ ಬಂದು ಹೊಸಿಲಾಚೆ ನಿಂತ್ಕೊಂಡು ಉಳಿದ ಹನ್ನೊಂದು ಜನದ ಹೆಸರೂ ಕೂಗ್ತಾರೆ. ಒಬ್ಬೊಬ್ಬರೂ ಓ ಅನ್ನಬೇಕು. ಹಿತ್ತಿಲಲ್ಲಿದ್ರೂ ಓಡಿಬರಬೇಕು. ಎಲ್ಲರೂ ಓ ಅನ್ನೋವರೆಗೂ ಚಪ್ಪಲಿ ಬಿಡಲ್ಲ. ಬೀದಿಯೋರೆಲ್ಲ ನಗ್ತಾರೆ.’

‘ನಗ್ಲಿ ಬಿಡು’ ಎಂದ ಗುರುಶಾಂತಮ್ಮ, ನಗು ತಡೆದುಕೊಂಡು ಕೇಳಿದಳು, ‘ನಿಮ್ಮತ್ತೆ ಏನಂತಾರೆ?’

‘ಮೊದಲು ಕೂಗೋದೇ ಅತ್ತೆ ಹೆಸರು. ಅಷ್ಟು ವರ್ಷದಲ್ಲಿ ಹೆಸರು ಹಿಡಿದು ಕರೆದೇ ಇರಲಿಲ್ವಂತೆ.’ ವಿಮಲ ದೂರುವುದನ್ನು ಮರೆತು ದನಿ ತಗ್ಗಿಸಿದಳು. ‘ಅತ್ತೆ ಬಾಗಿಲ ಹಿಂದೆಯೇ ನಿಂತಿರ್ತಾರೆ ಕಣವ್ವ. ಆದ್ರೂ ಒಂದೇ ಸಲಕ್ಕೆ ಓ ಅನ್ನಲ್ಲ. ದಿನಾ ಎರಡು ಸಲ ಕೂಗಿಸ್ಕೋತಾರೆ.’