ಪರಾತದೊಳಗಿನ ಸಮುದ್ರ

ಮೊನ್ನೆ ಉಪ್ಪಿನಕಾಯಿಗೆಂದು ಹರಳುಪ್ಪು ತರಲು ಹೊಸಪೇಟೆಯ ನಮ್ಮ ಓಣಿಯ ಕಿರಾಣಿ ಅಂಗಡಿಗೆ ಹೋಗಿದ್ದೆ. "ಹರಳುಪ್ಪು ಯಾಕವ್ವಾ, ದಿಷ್ಟಿ ತೆಗಿಯಾಕಾ?" ಎಂದು ಅಂಗಡಿಯವನು ಕೇಳಿದ. ಅಡುಗೆಗೆಲ್ಲ ಪುಡಿಯುಪ್ಪು ಬಂದ ಮೇಲೆ ಹರಳುಪ್ಪಿಗೆ ಉಳಿದಿರುವ ಕೆಲಸ ಅದೊಂದೇ ಎಂದು ಕಾಣುತ್ತದೆ. ಅವನು ಚೀಲದ ಬಾಯಿ ಬಿಚ್ಚಿದಾಗ ಅದರ ತೇವದ ವಾಸನೆ ಮೂಗಿಗೆ ಬಡಿಯಿತು. ನೀವು ನಗಬಹುದು. ಬೇರೆ ಹೆಂಗಸರಿಗೆ ಗಂಡನ ನೆನಪು ಮಲ್ಲಿಗೆಯಿಂದ ಬರುತ್ತದೆ, ನನಗೆ ಉಪ್ಪಿನಿಂದ ಬರುತ್ತದೆ.

ನಮ್ಮವರು ಪ್ರಾಥಮಿಕ ಶಾಲೆಯ ಮೇಷ್ಟ್ರು. ಸಂಡೂರು ತಾಲೂಕಿನ ವಡ್ಡು ಕಡೆಯ ಊರೊಂದರಲ್ಲಿ ಬಹಳ ವರ್ಷ ಇದ್ದರು. ಅದಿರಿನ ಲಾರಿಗಳ ಧೂಳಿಗೆ ಅಲ್ಲಿನ ಮಕ್ಕಳ ಬಿಳಿ ಅಂಗಿ ದಸರೆಯೊಳಗೇ ಕೆಂಪಾಗಿರುತ್ತಿತ್ತು. ಆ ಮಕ್ಕಳಿಗೆ ಇವರು ಸಮುದ್ರದ ಜೀವಿಗಳ ಪಾಠ ಮಾಡುತ್ತಿದ್ದರು. ಪುಸ್ತಕದಲ್ಲಿ ಇದ್ದದ್ದು ಒಂದೇ ಪಾಠ, ಇವರು ಅದನ್ನು ತಿಂಗಳುಗಟ್ಟಲೆ ಎಳೆಯುತ್ತಿದ್ದರು. ಬಾಯಲ್ಲಿ ಹೇಳಿದರೆ ಅವರಿಗೆ ಸಮಾಧಾನವಿಲ್ಲ, ಮಕ್ಕಳ ಕೈಗೆ ಕೊಡಬೇಕು. ಕೊಡುವುದಕ್ಕೆ ಸಾಮಾನು ಎಲ್ಲಿಂದ ಬರಬೇಕು? ನನ್ನ ಅಡುಗೆಮನೆಯಿಂದ.

ರೊಟ್ಟಿ ಹಿಟ್ಟು ನಾದುವ ಪರಾತ ಶಾಲೆಗೆ ಹೋಯಿತು. ಅದರಲ್ಲಿ ಒಂದು ಕಡೆ ಉಸುಕು ಒಟ್ಟಿ, ಉಪ್ಪುನೀರು ಹೊಯ್ದು, ಮಕ್ಕಳ ಕೈಯಿಂದಲೇ ನಿಧಾನವಾಗಿ ಓರೆ ಮಾಡಿಸಿ ಭರತ ಇಳಿತ ತೋರಿಸುತ್ತಿದ್ದರು. ನೀರು ಇಳಿದಾಗ ಉಸುಕಿನಲ್ಲಿ ಅಡಗುವವರು ಯಾರು, ಕಲ್ಲಿಗೆ ಅಂಟಿಕೊಳ್ಳುವವರು ಯಾರು ಎಂದು ಮಕ್ಕಳು ಜೇಡಿಮಣ್ಣಿನ ಚಿಪ್ಪು, ನಕ್ಷತ್ರಮೀನು ಮಾಡಿ ಅದರದರ ಜಾಗದಲ್ಲಿ ಇಡಬೇಕು. ನನ್ನ ತವರು ಕಂಪ್ಲಿ. ಅಲ್ಲಿಗೆ ಹೋದಾಗಲೆಲ್ಲ ಭತ್ತದ ಗದ್ದೆಯ ಏಡಿ ಹಿಡಿದು ಡಬ್ಬಿಯಲ್ಲಿ ತರುತ್ತಿದ್ದರು, ಸಮುದ್ರದ ಏಡಿಯ ಬದಲಿಗೆ. ಒಮ್ಮೆ ಬಸ್ಸಿನಲ್ಲಿ ಮುಚ್ಚಳ ಸಡಿಲಾಗಿ ಏಡಿ ಕಂಡಕ್ಟರನ ಕಾಲ ಬಳಿಗೆ ಹೋಯಿತು. ಆ ಮನುಷ್ಯನ ಪರಿಚಯವೇ ಇಲ್ಲದವಳಂತೆ ನಾನು ಕಿಟಕಿಯಾಚೆ ನೋಡುತ್ತ ಕೂತೆ.

ಇಷ್ಟೆಲ್ಲ ಮಾಡುತ್ತಿದ್ದ ಮೇಷ್ಟ್ರು ಸಮುದ್ರವನ್ನು ಕಂಡವರಲ್ಲ. ಅವರು ಕಂಡ ದೊಡ್ಡ ನೀರೆಂದರೆ ನಮ್ಮ ಡ್ಯಾಮಿನ ಹಿನ್ನೀರು. ಮಕ್ಕಳನ್ನು ಅಲ್ಲಿಗೆ ಕರೆತಂದು, "ಸಮುದ್ರ ಇದರಂಗ ಐತಿ. ಇನ್ನೂ ದೊಡ್ಡದು, ನೀರು ಉಪ್ಪು, ಅಷ್ಟ ಫರಕು" ಎನ್ನುತ್ತಿದ್ದರು. ಮನೆಗೆ ಬಂದು ನನ್ನ ಹತ್ತಿರ, "ಒಂದ್ ಸಲ ನೋಡಬೇಕು ನೋಡು. ಕೈಲೆ ಮುಟ್ಟಬೇಕು" ಎನ್ನುತ್ತಿದ್ದರು. ಅವರು ಬಾಯಿಬಿಟ್ಟು ಹೇಳಿಕೊಂಡ ಬೇರೆ ಆಸೆ ನನಗೆ ನೆನಪಿಲ್ಲ.

ಕೊನೆಗೂ ಒಂದು ವರ್ಷ ಶಾಲೆಯಿಂದ ಕಾರವಾರಕ್ಕೆ ಪ್ರವಾಸ ಗೊತ್ತಾಯಿತು. ಇವರ ಕ್ಲಾಸಿನಲ್ಲಿ ಹುಲಿಗೆಮ್ಮ ಎಂಬ ಹುಡುಗಿ ಇದ್ದಳು. ನೀರು ಚೆಲ್ಲದಂತೆ ಪರಾತ ಓರೆ ಮಾಡುವುದು ಅವಳಿಗೇ ಸರಿ ಎಂದು ಇವರು ಹೊಗಳುತ್ತಿದ್ದರು. ಅವಳ ಅಜ್ಜಿ ಮಾತ್ರ ನೀರಿನ ಭಯಕ್ಕೆ ಕಳಿಸುವುದಿಲ್ಲವೆಂದು ಹಟ ಹಿಡಿದಿದ್ದಳು. ಹೊರಡುವ ಬೆಳಿಗ್ಗೆ, ಟೆಂಪೊ ತುಂಬಿದ ಮೇಲೆ, ಅದೇ ಅಜ್ಜಿ ಹುಡುಗಿಯ ಕೈ ಹಿಡಿದುಕೊಂಡು ಬಂದಳಂತೆ. "ರಾತ್ರೆಲ್ಲ ಅತ್ತೈತ್ರಿ ಸರ. ಕರ್ಕೊಂಡ್ ಹೋಗ್ರಿ." ಸೀಟು ಒಂದೂ ಉಳಿದಿರಲಿಲ್ಲ. ಇವರು, "ನನಗ ಆಫೀಸಿನ ಕೆಲಸ ಬಂದೈತಿ" ಎಂದು ಇಳಿದು, ಮಕ್ಕಳನ್ನು ಜೊತೆಗಿದ್ದ ಟೀಚರುಗಳಿಗೆ ಒಪ್ಪಿಸಿ, ತಮ್ಮ ಜಾಗದಲ್ಲಿ ಹುಲಿಗೆಮ್ಮನನ್ನು ಕೂರಿಸಿದರು.

ಬ್ಯಾಗು ಹಿಡಿದು ಮನೆಗೆ ಬಂದವರು ನಡೆದದ್ದನ್ನು ಹೇಳಿದರು. "ಸಮುದ್ರ ಎಲ್ಲಿಗೆ ಓಡಿ ಹೋಗ್ತೈತಿ? ಬರೋ ವರ್ಷ ಇಬ್ರೂ ಹೋಗೂಣು" ಎಂದರು. ದಾರಿಗೆಂದು ಕಟ್ಟಿಕೊಟ್ಟಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಯನ್ನು ನಮ್ಮ ಪಡಸಾಲೆಯಲ್ಲೇ ಕೂತು ತಿಂದೆವು. ರೊಟ್ಟಿ ಮಸ್ತ್ ಆಗೈತಿ ಎಂದು ಮತ್ತೆ ಮತ್ತೆ ಹೇಳಿದರು.

ಪ್ರವಾಸ ಮುಗಿಸಿ ಬಂದ ಮಕ್ಕಳು ಇವರನ್ನು ಮುತ್ತಿಕೊಂಡರಂತೆ. ಹುಲಿಗೆಮ್ಮನದೇ ದೊಡ್ಡ ತಕರಾರು. "ಸರ, ನೀವು ಹೇಳಿದ್ದು ತಪ್ಪೈತ್ರಿ. ಸಮುದ್ರ ಸುಮ್ನಿರಂಗಿಲ್ಲ, ಭಾಳ ಸಪ್ಪಳ ಮಾಡ್ತೈತಿ." ಪಾಪ, ಹಿನ್ನೀರಿನ ದಂಡೆಯ ಮೇಷ್ಟ್ರು. ನೀರು ದೊಡ್ಡದಾದಷ್ಟೂ ಸುಮ್ಮನಿರುತ್ತದೆ ಎಂದೇ ಅವರು ತಿಳಿದಿದ್ದರು. ಇಷ್ಟು ವರ್ಷದ ಪಾಠದಲ್ಲಿ ಸಪ್ಪಳವೇ ಇರಲಿಲ್ಲ. ಮರುದಿನ ನನ್ನ ಮೊರವೂ ಜೋಳವೂ ಶಾಲೆಗೆ ಹೋದವು. ಮೊರದಲ್ಲಿ ಜೋಳ ಹಾಕಿ ಆಚೆ ಈಚೆ ಉರುಳಾಡಿಸುತ್ತ, ಕಣ್ಣು ಮುಚ್ಚಿಕೊಂಡು, "ಹಿಂಗ ಐತೇನ್ರೋ?" ಎಂದು ಕೇಳಿದರಂತೆ.

"ಇನ್ನೂ ಜೋರ್ರಿ ಸರ."

ಆಮೇಲೆ ಮನೆಯಲ್ಲೂ ಸಂಜೆ ಹೊತ್ತು ಮೊರ ಹಿಡಿದು ಕೂತಿರುತ್ತಿದ್ದರು. ಜೋಳ ಚೆಲ್ಲುತ್ತದೆಂದು ನಾನು ಗೊಣಗುತ್ತಿದ್ದೆ. ಅವರು ಕೇಳುತ್ತಿದ್ದದ್ದು ಜೋಳವನ್ನಲ್ಲ ಎಂದು ನನಗೂ ಗೊತ್ತಿತ್ತು.

ಬರೋ ವರ್ಷ ಬರಲೇ ಇಲ್ಲ. ಒಮ್ಮೆ ಜನಗಣತಿ, ಒಮ್ಮೆ ಚುನಾವಣೆ ಡ್ಯೂಟಿ, ಅತ್ತೆಗೆ ಲಕ್ವ, ನನ್ನ ಆಪರೇಶನ್ನು. ರಿಟೈರ್ ಆದ ಮೇಲೆ ಆರಾಮಾಗಿ ಹೋದರಾಯಿತು ಎಂದುಕೊಂಡೆವು. ಅದಕ್ಕೆ ಇನ್ನು ಕೆಲವು ತಿಂಗಳಿರುವಾಗ, ಪ್ರಾರ್ಥನೆ ಮುಗಿಸಿ ಕ್ಲಾಸಿಗೆ ಹೋದವರು ಕುರ್ಚಿಯಲ್ಲೇ ಕುಸಿದರು. ಮತ್ತೆ ಏಳಲಿಲ್ಲ.

ಕಳೆದ ಮಾಘದಲ್ಲಿ ನನ್ನ ತಂಗಿಯ ಮಗಳು ಒತ್ತಾಯ ಮಾಡಿ ನನ್ನನ್ನು ಕಾರವಾರಕ್ಕೆ ಕರೆದೊಯ್ದಳು. ಅವರು ನೋಡದ್ದನ್ನು ನಾನು ನೋಡುವುದು ಸರಿಯಲ್ಲವೆನಿಸಿ ಬಹಳ ಹೊತ್ತು ದೂರವೇ ನಿಂತಿದ್ದೆ. ಕೊನೆಗೆ ಸೀರೆ ಎತ್ತಿ ಹಿಡಿದು ನೀರಿಗೆ ಇಳಿದೆ. ಅಲೆ ಬಂದು ಹಿಂದೆ ಸರಿಯುವಾಗ ಹಿಮ್ಮಡಿಯ ಕೆಳಗಿನ ಉಸುಕನ್ನೂ ಎಳೆದುಕೊಂಡು ಹೋಯಿತು. ನಿಂತ ನೆಲವೇ ಜಾರಿದ ಹಾಗಾಯಿತು. ಇದನ್ನು ಯಾವ ಮಗುವೂ ಅವರಿಗೆ ಹೇಳಿರಲಿಲ್ಲ. ಹೇಳಿದ್ದರೆ ಅವರು ನನಗೆ ಹೇಳದೆ ಬಿಡುತ್ತಿರಲಿಲ್ಲ.

"ಏನ್ರಿ, ಇಲ್ಲಿ ಕಾಲಾಗ ನೋಡ್ರಿ" ಎಂದು ಪಕ್ಕಕ್ಕೆ ತಿರುಗಿದೆ.

"ಏನ್ ದೊಡ್ಡವ್ವಾ?" ಎಂದಳು ಹುಡುಗಿ.

ಏನಿಲ್ಲ ಎಂದೆ.

ಮೊನ್ನೆ ಅಂಗಡಿಯ ಮೆಟ್ಟಿಲು ಇಳಿಯುತ್ತಿದ್ದಾಗ ಒಬ್ಬ ಹೆಂಗಸು ಓಡಿಬಂದು ಕಾಲು ಮುಟ್ಟಿದಳು. "ಅಮ್ಮಾರ, ನಾನ್ರಿ, ಹುಲಿಗೆಮ್ಮ." ಗಂಡನಿಗೆ ಫ್ಯಾಕ್ಟರಿ ಕೆಲಸ, ಕುರೆಕುಪ್ಪದಲ್ಲಿ ಮನೆ, ಪೇಟೆಗೆ ಸೀರೆ ಕೊಳ್ಳಲು ಬಂದಿದ್ದಳು. ಮೇಷ್ಟ್ರು ಹೋದ ಸುದ್ದಿ ಅವಳಿಗೆ ತಿಳಿದಿತ್ತು. ಸೀಟಿನ ಸಂಗತಿ ಮಾತ್ರ ತಿಳಿದಿರಲಿಲ್ಲ, ಆಫೀಸಿನ ಕೆಲಸವನ್ನೇ ಇಂದಿಗೂ ನಂಬಿದ್ದಳು.

"ಅವತ್ತು ಸರಗ ಬರಾಕ ಆಗ್ಲಿಲ್ಲ. ಆಮ್ಯಾಲಾದ್ರೂ ಸಮುದ್ರ ನೋಡಿದ್ರೇನ್ರಿ ಅಮ್ಮಾರ?"

"ನೋಡಿದ್ರವ್ವಾ" ಎಂದೆ. ಅಷ್ಟಕ್ಕೇ ಬಿಡಬಹುದಿತ್ತು. ನನ್ನಿಂದ ಆಗಲಿಲ್ಲ. "ಅಲಿ ಹಿಂದ ಸರಿಯುವಾಗ ಕಾಲ ಕೆಳಗಿನ ಉಸುಕು ಜಾರತೈತಿ, ಹುಲಿಗೆಮ್ಮ ನನಗ ಇದನ್ನ ಹೇಳೇ ಇಲ್ಲ ನೋಡು, ಅಂತಿದ್ರು."

ಅವಳ ಮುಖ ಅರಳಿತು. "ಹೌದ್ರಿ, ಅದೊಂದು ಹೇಳೂದ ಮರ್ತಿದ್ದೆ ನಾನು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಂಗಡಿಯಿಂದ ಮನೆಯ ತನಕ ನಾನೂ ಅದನ್ನು ನಂಬಿಕೊಂಡೇ ನಡೆದೆ.